ರಾಶಿಯ ಬಿಸಿ ನೋಡುತ್ತಿದ್ದ ಶರಣಮ್ಮ

ಶರಣಮ್ಮ ಗೊಬ್ಬರದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು, ಮಗುವಿನ ಜ್ವರ ನೋಡುವವರ ಹಾಗೆ. ಪಕ್ಕದ ಕಾಲುವೆಯಲ್ಲಿ ಬಾತುಕೋಳಿಗಳು ತೇಲುತ್ತಿದ್ದವು. ಡಚ್ ಊರು ರೈಸ್‌ವೈಕಿನ ಬೇಸಿಗೆಯ ಬೆಳಕು ಮುಗಿಯುವ ಅವಸರವೇ ಇಲ್ಲದೆ ನಿಂತಿರುತ್ತಿತ್ತು, ಅವರೂ ಹಾಗೇ ನಿಂತಿರುತ್ತಿದ್ದರು. ಬಹಳ ಹೊತ್ತಿನ ಮೇಲೆ, "ಒಳಗ ಕುದಿಯಾಕತ್ತೈತಿ" ಎನ್ನುತ್ತಿದ್ದರು.

ನನ್ನ ಮೇಲಿನ ಮನೆಯ ಸವಿತಾಳ ತಾಯಿ ಅವರು. ಮಗಳ ಬಾಣಂತನಕ್ಕೆಂದು ಕೊಪ್ಪಳದಿಂದ ಬಂದವರು, ಕೊರೊನಾಕ್ಕೆ ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ನನಗೋ, ವರ್ಷಗಟ್ಟಲೆ ಕಾದ ಮೇಲೆ ತೋಟಗಾರರ ಸಂಘದಿಂದ ಆಗಷ್ಟೇ ತರಕಾರಿ ಬೆಳೆಯಲು ಒಂದು ತುಂಡು ನೆಲ ಬಾಡಿಗೆಗೆ ಸಿಕ್ಕಿತ್ತು. ನೆಲ ಕಾಣುತ್ತಿದ್ದರೆ ತಾನೇ? ಹಿಮಾಲಯದಿಂದ ಯಾವ ಕಾಲಕ್ಕೋ ಬಂದು ಕಾಲುವೆ ದಂಡೆಯನ್ನೆಲ್ಲ ತನ್ನದು ಮಾಡಿಕೊಂಡ ಬಾಲ್ಸಮ್ ಕಳೆ ಎದೆಯೆತ್ತರ ನಿಂತಿತ್ತು. ಅದನ್ನು ತೆಗೆಯದಿದ್ದರೆ ತೋಟ ಸರದಿಯಲ್ಲಿರುವ ಮುಂದಿನವರಿಗೆ ಎಂದು ಸಂಘದವರು ಮೊದಲೇ ಹೇಳಿದ್ದರು.

ಊರಿನಲ್ಲಿ ಕಾಂಗ್ರೆಸ್ ಕಸದಿಂದಲೇ ಗೊಬ್ಬರ ಮಾಡಿ ಬದನೆ ಬೆಳೆದ ಶರಣಮ್ಮನವರಿಗೆ ಇದೇನು ಮಹಾ. ಒಂದು ಪದರ ಕಳೆ, ಒಂದು ಪದರ ಕುದುರೆ ಲದ್ದಿ, ಮೇಲೆ ಮಣ್ಣು ಕಲಸಿದ ನೀರು. ಲದ್ದಿ ತರುವುದು ನನ್ನ ಸೈಕಲ್ಲಿನ ಕೆಲಸ. ಅವರದು ಒಂದೇ ಕಟ್ಟಪ್ಪಣೆ: "ಹೂ ಬಿಡೂ ಮದ್ಲ ಕಿತ್ರ ಗೊಬ್ಬರ. ಹೂ ಬಿಟ್ಮ್ಯಾಲ ಕಿತ್ರ ಬಿತ್ತಿಗಿ."

ನಾನು ತೋಟದ ಮೂಲೆಯ ಶೆಡ್ಡಿನ ಹಿಂದೆ ಒಂದು ಬಾಲ್ಸಮ್ ಗಿಡ ಉಳಿಸಿಕೊಂಡೆ. ಅದರ ಗುಲಾಬಿ ಬಣ್ಣದ ಹೂವಿನೊಳಗೆ ದುಂಬಿಗಳು ಪೂರ್ತಿ ಮುಳುಗಿ ಹೊರಬರುವುದನ್ನು ನೋಡುತ್ತ ಕೂತರೆ, ಆ ಒಂಟಿ ದಿನಗಳಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಶರಣಮ್ಮನವರಿಗೆ ಮಾತ್ರ ಹೇಳಲಿಲ್ಲ.

ಆಗಸ್ಟಿನಲ್ಲಿ ಅವರಿಗೆ ವಿಮಾನದ ಸೀಟು ಸಿಕ್ಕಿತು. ಕಾಲು ಮುಟ್ಟಿ ನಮಸ್ಕರಿಸಲೂ ಒಂದೂವರೆ ಮೀಟರಿನ ನಿಯಮ ಅಡ್ಡ. ಮಾಸ್ಕಿನ ಹಿಂದಿನಿಂದ ಅವರು, "ಶೆಡ್ಡಿನ ಹಿಂದಿಂದು ನಾ ನೋಡೀನಿ ಯವ್ವಾ. ಚಂದ ಐತಿ. ಕಾಯಿ ಒಡಿಯೂ ಮದ್ಲ ಕೀಳು" ಎಂದರು.

ನಾಳೆ ಕಿತ್ತರಾಯಿತು ಎಂದು ದಿನ ತಳ್ಳಿದೆ. ಒಂದು ಸಂಜೆ ಕಾಯಿಗಳು ನನ್ನ ಕಣ್ಣೆದುರೇ ಸಿಡಿದು ಬೀಜ ಚೆಲ್ಲಿದವು. ಮುಂದಿನ ವಸಂತಕ್ಕೆ ತೋಟದ ತುಂಬ ಅದೇ ಸಸಿ. ಮೂರು ವಾರದಲ್ಲಿ ತೆಗೆಯಬೇಕು, ಇಲ್ಲವೇ ತೋಟ ಬಿಡಬೇಕು ಎಂದು ಸಂಘದ ಪತ್ರ ಬಂತು. ದಿನಾ ಕೆಲಸ ಮುಗಿಸಿ ಕಿತ್ತೆ, ಶರಣಮ್ಮ ಕಲಿಸಿದಂತೆ ಪದರ ಹಾಕಿದೆ. ಕೊನೆಯ ಸಸಿ ಕಿತ್ತ ಮೇಲೆ ಅವರಿಗೆ ವಿಡಿಯೋ ಕಾಲ್ ಮಾಡಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ.

"ಕಿತ್ತೀಯಲ್ಲ, ಸಾಕು. ರಾಶಿಗೆ ಕೈ ಹಾಕು. ಹೆಂಗೈತಿ ಹೇಳು."

ಮೊಣಕೈವರೆಗೆ ತೂರಿಸಿದೆ. ಕಣ್ಣು ತಾನಾಗಿ ಮುಚ್ಚಿತು. "ಬೆಚ್ಚಗಿದೆ ಅಮ್ಮಾ" ಎಂದೆ. ತೆರೆದು ನೋಡಿದರೆ ಕೊಪ್ಪಳದಲ್ಲಿ ಅವರೂ ಕಣ್ಣು ಮುಚ್ಚಿಕೊಂಡು, ಒಂದು ಕೈ ಫೋನಿನ ಕಡೆ ಚಾಚಿ ಕೂತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.

ತೋಟ ಉಳಿಯಿತು. ಆ ಗೊಬ್ಬರದಲ್ಲಿ ಮೆಂತ್ಯ ಕೊಯ್ಲಿಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಮೊದಲ ಕಟ್ಟನ್ನು ಸವಿತಾಳ ಬಾಗಿಲಲ್ಲಿಟ್ಟು, ಗಂಟೆ ಒತ್ತಿ ಹಿಂದೆ ಸರಿದು ನಿಂತೆ. ಅವಳು ಅದನ್ನೆತ್ತಿ ಮಾಸ್ಕ್ ಸರಿಸಿ ಮೂಗಿಗೆ ಹಿಡಿದಳು. ಆಮೇಲೆ ಆ ಒಂದೂವರೆ ಮೀಟರ್ ನಮ್ಮಿಬ್ಬರಿಗೂ ನೆನಪಾಗಲಿಲ್ಲ.