ಗೋಲ್ ಕೀಪರನಿಗೆ ಹೊದಿಸಿದ ಶಾಲು

ನಮ್ಮ ಬೀದರಿನಲ್ಲಿ ಫುಟ್‌ಬಾಲ್ ಋತು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಮಳೆ ನಿಲ್ಲಬೇಕು, ಮೈದಾನದ ಕೆಸರು ಆರಬೇಕು, ಹಳ್ಳಿಗಳಲ್ಲಿ ಸೋಯಾ ರಾಶಿ ಮುಗಿಯಬೇಕು. ಆಮೇಲೊಂದು ಭಾನುವಾರ ಬೆಳಿಗ್ಗೆ ಯಾರೋ ಸುಣ್ಣದ ಪುಡಿ ತಂದು ಗೆರೆ ಎಳೆಯುತ್ತಾರೆ, ಅಷ್ಟೇ, ಶುರುವಾಯಿತು. ಆ ಬಿಳಿ ಗೆರೆ ಕಂಡರೆ ನಾನು ಈ ಐವತ್ತನಾಲ್ಕನೇ ವಯಸ್ಸಿನಲ್ಲೂ ಬೂಟು ಹುಡುಕತೊಡಗುತ್ತೇನೆ. ಮೊಣಕಾಲು ಸವೆದಿದೆ, ಸಕ್ಕರೆ ಕಾಯಿಲೆ ಬಂದಿದೆ, ಹೆಂಡತಿ ಬೈಯುತ್ತಾಳೆ. ಬೈಯಲಿ ಬಿಡಿ. ವರ್ಷಕ್ಕೆ ಅದೊಂದು ದಿನ ನಾನು ಯಾರ ಮಾತೂ ಕೇಳುವುದಿಲ್ಲ.

ಆ ಮೊದಲ ಭಾನುವಾರ ಹಳೆಯ ಆಟಗಾರರಿಗೂ ಈಗಿನ ಕಾಲೇಜು ಹುಡುಗರಿಗೂ ಅರ್ಧ ಗಂಟೆಯ ಒಂದು ಆಟ ನಡೆಯುತ್ತದೆ. ಹುಡುಗರು ನಮ್ಮನ್ನು ಕುಣಿಸುತ್ತಾರೆ, ನಾವು ಏದುಸಿರು ಬಿಡುತ್ತೇವೆ, ಜನ ನಗುತ್ತಾರೆ. ಆದರೆ ನಮ್ಮಲ್ಲೊಂದು ರೂಢಿಯಿದೆ. ಕಾಲೇಜಿನಲ್ಲಿ ಯಾರು ಯಾವ ಜಾಗದಲ್ಲಿ ಆಡುತ್ತಿದ್ದರೋ ಇವತ್ತೂ ಅದೇ ಜಾಗದಲ್ಲಿ ನಿಲ್ಲಬೇಕು. ಹೊಟ್ಟೆ ಬಂದಿರಲಿ, ಹಲ್ಲು ಬಿದ್ದಿರಲಿ, ಅವರವರ ಜಾಗ ಅವರವರದೇ.

ನಾವು ಮೂವರು ಗೆಳೆಯರು. ಭಾಲ್ಕಿಯವನು ಮುಂದೆ ಓಡುವವನು. ಈಗ ಅಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿದ್ದಾನೆ. ಔರಾದ ಕಡೆಯ ಠಾಣಾ ಕುಶನೂರಿನವನು ಗೋಲ್ ಕೀಪರ್. ತೊಗರಿ, ಸೋಯಾ ಬೆಳೆಯುತ್ತಾನೆ. ನಾನು ಅವನ ಮುಂದೆ ನಿಂತು ಗೋಲು ಕಾಯುವ ಬ್ಯಾಕ್. ಕಾಲೇಜು ಬಿಟ್ಟು ಮೂವತ್ತು ವರ್ಷವಾದರೂ ಆ ಭಾನುವಾರ ಮೂವರಲ್ಲಿ ಯಾರೂ ತಪ್ಪಿಸಿಕೊಂಡಿರಲಿಲ್ಲ.

ಕೀಪರನ ಗಂಟಲು ಬೀದರಿಗೆಲ್ಲ ಗೊತ್ತಿತ್ತು. ಆಟದುದ್ದಕ್ಕೂ ಹಿಂದಿನಿಂದ ಎರಡೇ ಮಾತು ಕೂಗುತ್ತಿದ್ದ. ‘ಮಾರ್’ ಅಂದರೆ ಚೆಂಡನ್ನು ನಾನು ಹೊಡೆಯಬೇಕು. ‘ಛೋಡ್’ ಅಂದರೆ ಬಿಟ್ಟುಬಿಡಬೇಕು, ಅವನು ಬರುತ್ತಿದ್ದಾನೆ. ನಾನು ತಿರುಗಿ ನೋಡುವ ಪ್ರಶ್ನೆಯೇ ಇರಲಿಲ್ಲ. ನನ್ನನ್ನು ಒಳ್ಳೆಯ ಬ್ಯಾಕ್ ಅಂತ ಹೊಗಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ: ಕಾಲು ನನ್ನದು, ತಲೆ ಅವನದು.

ಅವನ ಋಣ ಆಟದ್ದು ಮಾತ್ರವಲ್ಲ. ಒಂದು ವರ್ಷ ನಾನು ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದೆ. ಸುಗ್ಗಿಯ ತಿಂಗಳು, ಅವನ ಹೊಲದಲ್ಲಿ ತೊಗರಿ ನಿಂತಿತ್ತು. ದಿನಾ ಬೆಳಗಿನ ಬಸ್ಸಿಗೆ ಬಂದು ನನ್ನ ಅಂಗಡಿಯ ಶಟರ್ ಎತ್ತುತ್ತಿದ್ದ, ಸಂಜೆ ಇಳಿಸಿ ಊರಿಗೆ ಹೋಗುತ್ತಿದ್ದ. ಬೇಡವೆಂದರೆ ಬೈಯುತ್ತಿದ್ದ. ಅಂಗಡಿಯಲ್ಲಿ ಮಹಿಳಾ ಸಂಘದವರು ಮಾಡಿಸಿದ್ದ ರಂಗೋಲಿ ಸ್ಪರ್ಧೆಯ ಕಪ್ಪನ್ನು ತಪ್ಪಿ ಕಬಡ್ಡಿ ತಂಡಕ್ಕೆ ಕೊಟ್ಟು ಕಳಿಸಿದ್ದೂ ಅವನೇ ಅನ್ನಿ. ಆದರೂ ಅಂಥವನೊಬ್ಬ ಬದುಕಿನಲ್ಲಿ ಸಿಕ್ಕಿದ್ದಕ್ಕೆ ನಾನು ದೇವರಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ನನ್ನ ಅಂಗಡಿ ಯಾವುದೆಂದು ಹೇಳಬೇಕು, ಇಡೀ ಅನಾಹುತ ಹುಟ್ಟಿದ್ದೇ ಅಲ್ಲಿಂದ. ಸನ್ಮಾನದ ಸಾಮಾನು ಮಾರುತ್ತೇನೆ. ಶಾಲು, ಪೇಟ, ಹಾರ, ಹೆಸರು ಕೆತ್ತಿದ ಫಲಕ, ಬಹುಮಾನದ ಕಪ್. ನಿವೃತ್ತರಾದವರಿಗೆ, ವರ್ಗವಾಗಿ ಹೊರಟವರಿಗೆ, ಚುನಾವಣೆಯಲ್ಲಿ ಗೆದ್ದವರಿಗೆ, ಮಕ್ಕಳಿಗೆ ಹೆಚ್ಚು ಅಂಕ ಬಂದವರಿಗೆ. ನಮ್ಮ ಕಡೆ ಸನ್ಮಾನ ಒಲ್ಲೆ ಅಂದವರನ್ನು ನಾನಿನ್ನೂ ಕಂಡಿಲ್ಲ.

ಹೋದ ವರ್ಷ ಅವನ ದನಿ ಒಡೆಯತೊಡಗಿತು. ಬೀಡಿ ಸೇದುವವನು, ನೆಗಡಿ ಅಂದುಕೊಂಡು ತಿಂಗಳುಗಟ್ಟಲೆ ತಳ್ಳಿದ. ಕೊನೆಗೆ ನಾವಿಬ್ಬರೂ ಎಳೆದುಕೊಂಡು ಹೈದರಾಬಾದಿಗೆ ಹೋದೆವು. ಗಂಟಲಲ್ಲಿ ಕ್ಯಾನ್ಸರ್. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು, ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿರುವ ಒಂದು ತೂತಿನಿಂದ. ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಮಾತೆಲ್ಲ ಮೊಬೈಲಿನಲ್ಲಿ. ಎದುರಿಗೆ ಕೂತುಕೊಂಡೇ ಮೆಸೇಜ್ ಕಳಿಸುತ್ತಾನೆ, ನಮ್ಮ ಜೇಬಿನಲ್ಲಿ ಟಿಂಗ್ ಅನ್ನುತ್ತದೆ. ಬೈಗುಳ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಹಾಗೆ.

ಈ ಸಲ ಮಳೆ ನಿಂತ ವಾರ ಅವನ ಹೆಂಡತಿಯ ಫೋನು ಬಂತು. ಆಕೆ ನನಗೆ ತಂಗಿಯಿದ್ದಂತೆ, ಜೋರಾಗಿ ಮಾತಾಡಿದವಳೇ ಅಲ್ಲ. “ಅಣ್ಣಾರ, ಅವರು ಬೂಟಿಗಿ ಎಣ್ಣಿ ಹಚ್ಚಲತ್ತಾರ್ರಿ,” ಅಂದಳು. “ಕುತ್ತಿಗಿಗಿ ಚೆಂಡ ಬಡದ್ರ ಉಸಿರs ನಿಂದರ್ತದ ಅಂತ ಡಾಕ್ಟರ್ ಹೇಳ್ಯಾರ. ನನ್ನ ಮಾತ ಕೇಳಂಗಿಲ್ಲ. ನೀವಾದ್ರೂ ಬ್ಯಾಡ ಅನ್ರಿ.”

ಹೇಳುತ್ತೇನೆ ಅಂತ ಮಾತು ಕೊಟ್ಟೆ. ಮರುದಿನವೇ ಠಾಣಾ ಕುಶನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ನೋಡು ದೋಸ್ತ, ಹೆಂಡತಿ ಮಕ್ಕಳ ಮುಖ ನೋಡು, ಆಟ ಎಲ್ಲಿ ಓಡಿಹೋಗುತ್ತದೆ. ಹೋಗಿ ನೋಡಿದರೆ ಅಂಗಳದಲ್ಲಿ ಹೊಸ ಕೈಗವಸು ಹಾಕಿಕೊಂಡು ಕೂತಿದ್ದಾನೆ, ಮಗನ ಕೈಯಲ್ಲಿ ಆನ್‌ಲೈನ್ ತರಿಸಿದ್ದಂತೆ. ಎರಡೂ ಕೈ ಎತ್ತಿ ತೋರಿಸಿದ. ಕಾಯಿಲೆ ಬಂದಮೇಲೆ ಆ ಮುಖದಲ್ಲಿ ಅಷ್ಟು ನಗು ನಾನು ಕಂಡಿರಲಿಲ್ಲ. ಏನು ಹೇಳಲಿ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೈಗವಸು ಚೆನ್ನಾಗಿವೆ ಅಂದೆ. ಚಹಾ ಕುಡಿದೆ. ಬಾಗಿಲಲ್ಲಿ ನಿಂತ ಆಕೆಯ ಮುಖ ನೋಡಲಾಗದೆ ಚಪ್ಪಲಿ ಹುಡುಕುವವನಂತೆ ತಲೆ ಬಗ್ಗಿಸಿ ಹೊರಗೆ ಬಂದೆ.

ಭಾಲ್ಕಿಯವನಾದರೂ ಹೇಳಲಿ ಅಂತ ರೈಲು ಹತ್ತಿ ಅಲ್ಲಿಗೆ ಹೋದೆ. ಅವನು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. ಕೀಪರ್ ನಿನ್ನ ಹಿಂದೆ ನಿಂತು ಆಡಿದವನು, ನೀನೇ ಹೇಳು ಅಂದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಬ್ಬರು ಗಂಡಸರು ಬೇಳೆಯ ಚೀಲಗಳ ನಡುವೆ ಅರ್ಧ ದಿನ ಕೂತು, ಒಬ್ಬನಿಗೆ ‘ಬೇಡ’ ಅನ್ನುವ ಒಂದು ಮಾತನ್ನು ಯಾರು ಹೇಳಬೇಕೆಂದು ತೀರ್ಮಾನಿಸಲಾರದೆ ಹೋದೆವು.

ಆಗ ನನ್ನ ಅಂಗಡಿಯ ಬುದ್ಧಿ ಓಡಿತು. ಅವನಿಗೊಂದು ಸನ್ಮಾನ ಮಾಡಿಸಿಬಿಟ್ಟರೆ? ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರೆ ಮುಗಿಯಿತು, ಪೇಟ ಸುತ್ತಿಸಿಕೊಂಡ ಅತಿಥಿ ಎದ್ದು ಗೋಲಿನಲ್ಲಿ ನಿಲ್ಲುತ್ತಾನೆಯೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭಾಲ್ಕಿಯವನು ಶಭಾಷ್ ಅಂದ. ಪಂದ್ಯ ನಡೆಸುವವರಿಗೆ ಹೇಳಿದರೆ ಅವರಿಗೂ ಖುಷಿ. ಕೀಪರನ ಜಾಗಕ್ಕೆ ಬ್ಯಾಂಕಿನಲ್ಲಿರುವ ನಲವತ್ತರ ಒಬ್ಬನನ್ನು ಹೊಂದಿಸಿದೆವು. ಇದ್ದುದರಲ್ಲೇ ಒಳ್ಳೆಯ ಶಾಲು ಆರಿಸಿ ನಾನೇ ಮಡಿಚಿದೆ. ಅದೇನು ಜಾಣತನ ನನ್ನದು.

ಆ ಭಾನುವಾರ ಅವನು ಕೀಪರನ ಹಳದಿ ಅಂಗಿ ಹಾಕಿಕೊಂಡೇ ಬಸ್ಸಿನಿಂದ ಇಳಿದ. ಕುತ್ತಿಗೆಯ ಬಟ್ಟೆಯ ಮೇಲೆ ಇನ್ನೊಂದು ಮಫ್ಲರ್ ಬಿಗಿದುಕೊಂಡಿದ್ದ. ಮೈದಾನಕ್ಕೆ ಬಂದು ಸುಣ್ಣದ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡ. ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕರೆದರು. ಅವನು ನನ್ನ ಕಡೆ ನೋಡಿದ. ನಾನು ಬೂಟಿನ ಲೇಸು ಬಿಗಿಯಾಗಿದ್ದರೂ ಬಿಚ್ಚಿ ಮತ್ತೆ ಕಟ್ಟತೊಡಗಿದೆ.

ವೇದಿಕೆಯ ಮೇಲೆ ಹಳದಿ ಅಂಗಿಯ ಮೇಲೆಯೇ ಶಾಲು ಹೊದಿಸಿದರು. ಪೇಟ ಇಟ್ಟರು, ಹಾರ ಹಾಕಿದರು. ನಿರೂಪಕ ಒಳ್ಳೆಯ ಮಾತುಗಾರ, ಬೀದರ ಕಂಡ ಅಪ್ರತಿಮ ಗೋಲ್ ಕೀಪರ್ ಆಗಿದ್ದರು, ಹೀಗೆ ಆಡುತ್ತಿದ್ದರು, ಹಾಗೆ ಹಿಡಿಯುತ್ತಿದ್ದರು ಅಂತ ಹೇಳುತ್ತಲೇ ಹೋದ. ಎಲ್ಲವೂ ಆಗಿಹೋದ ಮಾತು. ಬದುಕಿರುವವನ ಮುಂದೆ ನಿಂತು ಸತ್ತವನನ್ನು ಹೊಗಳಿದ ಹಾಗೆ. ಆದರೂ ನನ್ನ ಕೈ ಚಪ್ಪಾಳೆ ತಟ್ಟುತ್ತಲೇ ಇತ್ತು.

ಆಮೇಲೆ ನಡೆದದ್ದನ್ನು ಇವತ್ತಿಗೂ ನೆನೆಯಲಾರೆ. ಸನ್ಮಾನವೆಂದರೆ ಶಾಲು, ಪೇಟ, ಹಾರ, ಫಲಕ, ಅದಾದ ಮೇಲೆ ಸನ್ಮಾನಿತರು ಎರಡು ಮಾತು ಆಡಬೇಕು. ಇಷ್ಟು ವರ್ಷ ಅದೇ ಕಸುಬು ಮಾಡಿದವನು ನಾನು, ಅದೊಂದೇ ನನಗೆ ಹೊಳೆದಿರಲಿಲ್ಲ. ಅವನ ದನಿ ಹೋದ ವಿಷಯವನ್ನು ನಿರೂಪಕನಿಗೂ ಯಾರೂ ಹೇಳಿರಲಿಲ್ಲ. ಸನ್ಮಾನಿತರು ಈಗ ಎರಡು ಮಾತಾಡಬೇಕು ಅಂತ ಮೈಕನ್ನು ಅವನ ಕೈಗೇ ಕೊಟ್ಟುಬಿಟ್ಟ.

ಅವನು ಮೈಕು ಹಿಡಿದುಕೊಂಡು ನಿಂತ. ಸ್ಪೀಕರುಗಳಲ್ಲಿ ಅವನ ಕುತ್ತಿಗೆಯಿಂದ ಬರುವ ಉಸಿರು ಸುಯ್ ಸುಯ್ ಅಂತ ಮೈದಾನಕ್ಕೆಲ್ಲ ಕೇಳಿಸಿತು. ಹಿಂದುಗಡೆ ಯಾರೋ ನಕ್ಕರು, ಮೈಕು ಕೆಟ್ಟಿದೆ ಅಂದುಕೊಂಡಿರಬೇಕು. ನಾನು ಓಡಿಹೋಗಿ ಆ ಮೈಕು ಕಿತ್ತುಕೊಳ್ಳಬೇಕಿತ್ತು. ಕೊನೆಗೆ ಅವನೇ ಮೈಕನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈಮುಗಿದು ಕೂತ.

ಆಟ ಶುರುವಾಯಿತು. ಐದಾರು ನಿಮಿಷಕ್ಕೆ ಒಂದು ಚೆಂಡು ಎತ್ತರದಲ್ಲಿ ತೇಲಿಕೊಂಡು ನನ್ನ ಮೇಲೆ ಬಂತು. ಹೊಡೆಯಲೋ, ಬಿಡಲೋ? ನನ್ನ ಹಿಂದೆ ಬ್ಯಾಂಕಿನವನು ಏನೋ ಅಂದ, ಅದು ನನ್ನ ಕಿವಿಗೆ ಹೋಗಲೇ ಇಲ್ಲ. ಮೂವತ್ತು ವರ್ಷದ ಅಭ್ಯಾಸ, ನಾನು ಇನ್ನೊಂದು ದನಿಗಾಗಿ ಕಾಯುತ್ತ ಕಂಬದ ಹಾಗೆ ನಿಂತೆ. ಚೆಂಡು ನನ್ನ ತಲೆಯ ಮೇಲಿಂದ ಹೋಗಿ ಗೋಲಾಯಿತು. ವೇದಿಕೆಯ ಕಡೆ ನೋಡಿದೆ. ಅವನು ಎದ್ದು ನಿಂತಿದ್ದ, ಶಾಲು ಕೆಳಗೆ ಬಿದ್ದಿತ್ತು, ಬಾಯಿ ಅಗಲ ತೆರೆದು ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗುತ್ತಿದ್ದ. ಒಂದು ಚೂರೂ ಸದ್ದಿಲ್ಲ. ತುಟಿ ನೋಡಿದರೆ ‘ಮಾರ್’ ಅಂತಿತ್ತು.

ಆಟ ಮುಗಿದ ಮೇಲೆ ಮೂವರೂ ಬಸ್ ನಿಲ್ದಾಣಕ್ಕೆ ನಡೆದೆವು. ಭಾಲ್ಕಿಯವನು ಏನೇನೋ ತಮಾಷೆ ಮಾಡಲು ನೋಡಿದ, ಯಾರೂ ನಗಲಿಲ್ಲ. ನೀರಿನ ಬಾಟಲಿ ತರುತ್ತೇನೆಂದು ಹೋಗಿಬಿಟ್ಟ. ನಾವಿಬ್ಬರೂ ಔರಾದ ಬಸ್ಸು ನಿಲ್ಲುವ ಕಡೆ ಕಲ್ಲು ಬೆಂಚಿನ ಮೇಲೆ ಕೂತೆವು. ಅವನು ಮೊಬೈಲಿನಲ್ಲಿ ಬಹಳ ಹೊತ್ತು ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ನನ್ನ ಫೋನು ಟಿಂಗ್ ಅಂತು.

“ನನ್ನ ದನಿ ಡಾಕ್ಟರ್ ತಗದಾರ. ನಿನ್ನ ದನಿ ಯಾರ್ ತಗದ್ರು?”

ಓದಿದ ಕೂಡಲೇ ನನಗೆ ದುಃಖ ತಡೆಯಲಾಗಲಿಲ್ಲ. ಐವತ್ತನಾಲ್ಕರ ಗಂಡಸು ಬಸ್ ನಿಲ್ದಾಣದಲ್ಲಿ ಕೂತು ಅತ್ತೆ. ಅಳುತ್ತಲೇ ಎಲ್ಲ ಹೇಳಿದೆ. ಆಡಬ್ಯಾಡೋ ಅಂದೆ. ನಿನ್ನ ಹೆಂಡತಿಗಾಗಿ ಅಲ್ಲ, ಡಾಕ್ಟರಿಗಾಗಿ ಅಲ್ಲ, ನೀ ಸತ್ತರ ನನಗ ಯಾರದಾರ ಅಂದೆ. ಸುತ್ತ ನಿಂತವರು ನೋಡುತ್ತಿದ್ದರು, ನೋಡಲಿ ಅನ್ನಿಸಿತು. ಜೀವಮಾನದಲ್ಲಿ ನನ್ನ ಒಂದು ಮಾತನ್ನೂ ಪೂರ್ತಿ ಮಾಡಲು ಬಿಟ್ಟವನಲ್ಲ ಅವನು. ಆ ದಿನ ಕೊನೆಯವರೆಗೂ ಕೇಳಿದ. ಕೇಳಿ ತಲೆ ಆಡಿಸಿದ, ನನ್ನ ಬೆನ್ನಿನ ಮೇಲೆ ಕೈಯಿಟ್ಟ. ಒಪ್ಪಿದ ಅಂದುಕೊಂಡು ನನಗೆ ಜೀವ ಬಂದ ಹಾಗಾಯಿತು.

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ತಿರುಗಿ ಗೇಟು ದಾಟುವಾಗ ಅವನ ಇನ್ನೊಂದು ಮೆಸೇಜ್ ಬಂತು.

“ಇದನ್ನs ಆವತ್ತು ನಮ್ಮ ಅಂಗಳದಾಗ ಹೇಳಬೇಕಿತ್ತು. ಹೇಳಿದ್ರೂ ನಾ ಕೇಳ್ತಿದ್ದಿಲ್ಲ ಬಿಡು. ಬರೋ ಐತವಾರ ಹುಡುಗರನ್ನ ಇನ್ನೊಂದ್ ಆಟಕ್ಕ ಕರಿ, ನಾ ಬರ್ತೇನಿ. ಗೋಲಿನ್ಯಾಗ ನಾ ನಿಂದರ್ತೇನಿ, ನೀ ನನ್ನ ಮುಂದs ನಿಂದ್ರು. ಒಂದ್ ಚೆಂಡೂ ನನ್ನ ತನಕ ಬಿಡಬ್ಯಾಡ.”

ಭಾಲ್ಕಿಯವನು ನೀರು ಹಿಡಿದುಕೊಂಡು ಬಂದ. ಫೋನು ಅವನ ಕೈಗೆ ಕೊಟ್ಟೆ. ಅವನು ಓದಿ, ತನ್ನ ರೈಲಿಗೆ ಹೊತ್ತಾಗುತ್ತಿದ್ದರೂ ನನ್ನ ಪಕ್ಕದಲ್ಲೇ ಕೂತುಬಿಟ್ಟ. ಏನು ಮಾಡೋಣ ಅಂತ ಕೇಳಿದೆ. ಮುಂದಿನ ಭಾನುವಾರ ತಾನೂ ಮುಂದೆ ಓಡುವುದು ಬಿಟ್ಟು ನನ್ನ ಪಕ್ಕದಲ್ಲಿ ಬಂದು ನಿಲ್ಲುತ್ತೇನೆ ಅಂದ.