ಹೆಸರಿಲ್ಲದವಳ ಮೇಲೊಂದು ಪ್ರಬಂಧ

ಗಿರೀಶ ಸರ್ ಕೊಟ್ಟ ಪಟ್ಟಿಯಲ್ಲಿ ಹನ್ನೆರಡು ವಿಷಯಗಳಿದ್ದವು. ಶಿರಸಿಯ ಆ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದವರು ಪಠ್ಯದ ಕಾದಂಬರಿಯ ಮೇಲೆ ಒಂದು ವಿಮರ್ಶಾ ಪ್ರಬಂಧ ಬರೆಯಬೇಕು. ಪಟ್ಟಿಯಿಂದ ಒಂದನ್ನು ಆರಿಸಿ ತಮ್ಮ ಹೆಸರಿನ ಮುಂದೆ ಬರೆದರಾಯಿತು. ಹೆಚ್ಚಿನವರು ನಿಸರ್ಗ ವರ್ಣನೆಗೆ ಮುಗಿಬಿದ್ದರು. ಸಿದ್ದಾಪುರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ರಕ್ಷಿತಾ ಮಾತ್ರ ತನ್ನ ಹೆಸರಿನ ಮುಂದೆ ಏನನ್ನೂ ಬರೆಯಲಿಲ್ಲ.

ಕಾದಂಬರಿಯನ್ನು ಅವಳು ಬಸ್ಸಿನಲ್ಲೇ ಎರಡು ಸಲ ಓದಿ ಮುಗಿಸಿದ್ದಳು. ದೊಡ್ಡ ಮನೆತನವೊಂದರ ಕಥೆ. ಆ ಮನೆಗೆ ನೀರು ಹೊರುವ ಹೆಂಗಸೊಬ್ಬಳಿದ್ದಾಳೆ. ಕೊಟ್ಟಿಗೆಯ ಎಮ್ಮೆಗೂ ಹೆಸರಿದೆ, ಅವಳಿಗಿಲ್ಲ. ರಕ್ಷಿತಾ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಮೂವತ್ತೇಳು ಕಡೆ ಅವಳು ಬರುತ್ತಾಳೆ, ಒಂದು ಕಡೆಯೂ ಬಾಯಿ ತೆರೆಯುವುದಿಲ್ಲ.

ಮರುದಿನ ಸರ್ ಎದುರು ನಿಂತು ತನ್ನ ಪ್ರಶ್ನೆ ಹೇಳಿದಳು: “ನೀರು ಹೊರುವವಳಿಗೆ ಲೇಖಕರು ಮಾತು ಯಾಕೆ ಕೊಡಲಿಲ್ಲ?”

ಗಿರೀಶ ಸರ್ ಕನ್ನಡಕ ತೆಗೆದರು. “ಯಾಕೆ ಕೊಡಲಿಲ್ಲ ಅಂತ ನಿನಗೆ ಹೇಗೆ ಗೊತ್ತಾಗ್ತದೆ? ಬರೆದವರು ತೀರಿಹೋಗಿ ಮೂವತ್ತು ವರ್ಷ ಆಯ್ತು. ಇದು ಪ್ರಶ್ನೆ ಅಲ್ಲ ರಕ್ಷಿತಾ, ಜಗಳ.”

“ಪುಸ್ತಕ ಜಗಳ ಆಡೋ ಹಾಗೇ ಇದ್ಯಲ್ಲ ಸರ್.”

“ಪಟ್ಟಿಯಲ್ಲಿ ಸ್ತ್ರೀ ಪಾತ್ರಗಳು ಅಂತ ಇದೆ. ಅದನ್ನು ತಗೋ. ಲೈಬ್ರರಿಯಲ್ಲಿ ಅದರ ಮೇಲೆ ನಾಲ್ಕು ಪುಸ್ತಕ ಸಿಗ್ತದೆ.”

ಊರು ಮುಟ್ಟುವವರೆಗೂ ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಸರ್ ಹೇಳಿದ್ದರಲ್ಲಿ ಅರ್ಧ ನಿಜವೆಂಬುದೂ ಅವಳಿಗೆ ತಿಳಿಯುತ್ತಿತ್ತು, ಸಿಟ್ಟು ಹೆಚ್ಚಲು ಅದೂ ಒಂದು ಕಾರಣ. ಸತ್ತವರ ಮನಸ್ಸಿನೊಳಗೆ ಇಣುಕಿ ನೋಡುವುದು ಹೇಗೆ?

ಭಾನುವಾರ ಬೆಳಿಗ್ಗೆ, ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಿಮ್ಮಿಗೆ ಅವಳು ಒಂದು ಭಾಗ ಓದಿ ಹೇಳಿದಳು. ಆ ದೊಡ್ಡ ಮನೆಯ ಹಿರಿಯಣ್ಣ ಸೊಸೆಯ ಕೈಯಿಂದ ಮಗುವನ್ನು ಕಸಿಯಲು ಬರುತ್ತಾನೆ. ಮನೆಮಂದಿಯೆಲ್ಲ ಕೂಗಾಡುತ್ತಾರೆ. ತುಂಬಿದ ಕೊಡ ಹೊತ್ತು ಬಂದ ನೀರಿನವಳು ಸುಮ್ಮನೆ ನಿಂತಿದ್ದಾಳೆ.

ನಲವತ್ತು ವರ್ಷ ಕಂಡವರ ಮನೆಯಲ್ಲಿ ದುಡಿದಿದ್ದ ತಿಮ್ಮಿ ಕೈ ನಿಲ್ಲಿಸಿದಳು. “ತುಂಬಿದ ಕೊಡ ಹೊತ್ಕಂಡು ಯಾರಾದ್ರೂ ಸುಮ್ನೆ ನಿಂತ್ಕಳ್ತಾರೇನೆ ತಂಗೀ? ಕೊಡ ಎಲ್ಲಿ ಇಟ್ಲು, ನೋಡು.”

“ಅದೆಲ್ಲ ಬರ್ದಿರೂದಿಲ್ಲ ಅಜ್ಜಿ.”

“ನೋಡು ಅಂದೆ.”

ಬರೆದಿತ್ತು. ನಾಲ್ಕು ಸಾಲು ಕೆಳಗೆ, ಕೊಡ ಬಾಗಿಲ ನಡುವೆಯೇ ಇತ್ತು. ಅದನ್ನು ಸರಿಸಿ ಹಿರಿಯಣ್ಣ ಒಳಗೆ ಕಾಲಿಡುವಷ್ಟರಲ್ಲಿ ಸೊಸೆ ಮಗುವನ್ನೆತ್ತಿಕೊಂಡು ಹಿತ್ತಿಲು ದಾಟಿಬಿಟ್ಟಿದ್ದಳು. ಎರಡು ಸಲ ಓದಿದರೂ ತನ್ನ ಕಣ್ಣಿಗೆ ಇದು ಬೀಳಲಿಲ್ಲವಲ್ಲ ಎಂದು ರಕ್ಷಿತಾಗೆ ನಾಚಿಕೆಯಾಯಿತು. ಮೂವತ್ತೇಳು ಜಾಗಗಳನ್ನೂ ಮತ್ತೆ ತೆರೆದಳು. ಒಂಬತ್ತು ಕಡೆ ಆ ಹೆಂಗಸು ಏನೋ ಒಂದು ಮಾಡುತ್ತಾಳೆ: ಅಗುಳಿ ತೆಗೆಯುತ್ತಾಳೆ, ಕರೆದರೂ ಬರುವುದಿಲ್ಲ, ಸೆರಗಿನ ಗಂಟಿನಲ್ಲಿ ಪತ್ರವಿದ್ದ ಸೀರೆಯನ್ನು ಒಗೆಯದೆ ಬಿಡುತ್ತಾಳೆ. ಪ್ರತಿ ಸಲವೂ ಕಥೆ ಅಲ್ಲಿಂದ ಬೇರೆ ದಾರಿ ಹಿಡಿಯುತ್ತದೆ.

ಸೋಮವಾರ ಅವಳು ಹೊಸ ಪ್ರಶ್ನೆಯನ್ನು ಪುಟಸಂಖ್ಯೆಗಳ ಸಮೇತ ಬರೆದು ಸರ್ ಮೇಜಿನ ಮೇಲಿಟ್ಟಳು: ‘ಒಂದು ಮಾತೂ ಆಡದ ನೀರಿನವಳು ತನ್ನ ಕೆಲಸದಿಂದಲೇ ಕಥೆಯ ದಿಕ್ಕನ್ನು ಹೇಗೆ ತಿರುಗಿಸುತ್ತಾಳೆ?’

ಸರ್ ಬಹಳ ಹೊತ್ತು ಓದಿದರು. “ಇದಕ್ಕೆ ಆಧಾರ ಗ್ರಂಥ ಎಲ್ಲಿದೆ? ಈ ಪಾತ್ರದ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.”

“ಯಾರೂ ಬರೀಲಿಲ್ಲ ಅಂತ್ಲೇ ನಾನು ಬರೀತೇನೆ ಸರ್. ಆಧಾರಕ್ಕೆ ಕಾದಂಬರಿ ಇದೆ. ಉತ್ತರ ಮೊದಲೇ ಬರೆದಿಟ್ಟ ಪ್ರಶ್ನೆ ನಂಗೆ ಬೇಡ.”

“ಅಂಕ ಕಡಿಮೆ ಬಂದ್ರೆ ನನ್ನ ಕೇಳಬೇಡ.”

“ಕೇಳೂದಿಲ್ಲ.”

“ನಾನು ಸಹಿ ಹಾಕದಿದ್ರೆ?”

“ಸಹಿ ಇಲ್ದೇ ಕೊಡ್ತೇನೆ.”

ಪಕ್ಕದ ಮೇಜಿನ ಚೇತನಾ ಮೇಡಂ ತಲೆಯೆತ್ತಿ ನೋಡಿದರು. ರಕ್ಷಿತಾ ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ಗಿರೀಶ ಸರ್ ಸಹಿ ಹಾಕಿದರು. ಸಹಿಯ ಕೆಳಗೆ ‘ವಿದ್ಯಾರ್ಥಿನಿಯ ಹಠದ ಮೇರೆಗೆ’ ಎಂದು ಬರೆದರು. ಅವಳು ಆ ಸಾಲನ್ನು ಹಾಗೆಯೇ ಮುಖಪುಟದಲ್ಲಿ ಟೈಪ್ ಮಾಡಿಸಿದಳು.

ಐವತ್ತಕ್ಕೆ ಮೂವತ್ತೊಂದು ಬಂತು. ನಿಸರ್ಗ ವರ್ಣನೆಯವರಿಗೆಲ್ಲ ನಲವತ್ತರ ಮೇಲೆ.

“ನನ್ನ ಮಾತು ಕೇಳಿದ್ರೆ ನಿಂಗೂ ಅಷ್ಟು ಸಿಗ್ತಿತ್ತು,” ಎಂದರು ಸರ್, ನಿಜವಾದ ಮರುಕದಿಂದ.

“ಸಿಗ್ತಿತ್ತು ಸರ್.”

“ಬೇಜಾರಿಲ್ವಾ?”

“ಇದೆ. ಇನ್ನೊಂದು ಸಲ ಬರೆಯೋಕೆ ಹೇಳಿದ್ರೂ ಇದನ್ನೇ ಬರೀತೇನೆ.”

ಸರ್ ಆ ಪ್ರಬಂಧವನ್ನು ಮನೆಗೆ ಒಯ್ದವರು ಇನ್ನೂ ಹಿಂದಿರುಗಿಸಿಲ್ಲ. ರಕ್ಷಿತಾ ಈಗ ಎಂ.ಎ. ಓದುತ್ತಿದ್ದಾಳೆ. ಮೊನ್ನೆ ಸರ್‌ಗೆ ಫೋನ್ ಮಾಡಿ, ಅದು ತನ್ನದು, ತನಗೆ ಬೇಕು ಎಂದು ಕೇಳಿದ್ದಾಳೆ.