ಅಪ್ಪ ಮೇವು ಬಿಟ್ಟದ್ದು

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದೆ, ಕೊಯ್ದು ತೆಗೆಯಬೇಕು ಎಂದು ಮಿರಜಿನ ಡಾಕ್ಟರಮ್ಮ ಹೇಳಿದ ದಿನದಿಂದ ನನ್ನ ಅಪ್ಪ ಉಣ್ಣುವುದನ್ನೇ ಬಿಟ್ಟಿದ್ದ. ನಮ್ಮೂರು ಬೇಡಗದ ಮನೆಯಲ್ಲಿ ಅವ್ವ ಬಡಿದುಕೊಟ್ಟ ರೊಟ್ಟಿಯನ್ನು ಕುರಿಹಟ್ಟಿಗೆ ಒಯ್ದು ನಾಯಿಗೆ ಹಾಕಿ, ಮೀಸೆ ಒರೆಸಿಕೊಳ್ಳುತ್ತ ವಾಪಸು ಬರುತ್ತಿದ್ದನಂತೆ. ನಾಯಿ ಮಾತ್ರ ದುಂಡಗಾಗಿತ್ತು.

ಆಪರೇಷನ್ನಿಗೆಂದು ಕರೆದೊಯ್ದಾಗ ರಕ್ತದ ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ರಕ್ತ ಕಡಿಮೆ, ಪ್ರೋಟೀನು ಕಡಿಮೆ, ತೂಕ ಇಳಿದಿದೆ. ಇಂಥ ಮೈಯಲ್ಲಿ ಕರುಳು ಹೊಲಿದರೆ ಹೊಲಿಗೆ ಕೂಡುವುದೇ ಕಷ್ಟ ಎಂದು ಮರಾಠಿಯಲ್ಲಿ ಹೇಳಿದರು. ಅಪ್ಪನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಆಸ್ಪತ್ರೆಯ ಬಾಗಿಲು ದಾಟಿದರೆ ಆಸಾಮಿ ಕಿವುಡನಾಗುತ್ತಾನೆ, ಎಲ್ಲವನ್ನೂ ನಾನೇ ಹೇಳಬೇಕು. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕ್ರಿ ಅಪ್ಪಾ, ಯಾಕ ಉಣ್ಣಲಿಲ್ಲ?"

"ಹೊಟ್ಟಿ ಉಬ್ಬಿದ ಕುರಿಗಿ ಯಾರರ ಮೇವು ಹಾಕ್ತಾರೇನ? ಬ್ಯಾನಿ ಹೊಟ್ಟ್ಯಾಗ ಐತಿ ಅಂದಮ್ಯಾಲ ಹೊಟ್ಟಿ ಖಾಲಿ ಇಡಬೇಕು."

ಇದನ್ನು ಮರಾಠಿಯಲ್ಲಿ ಹೇಳುವಾಗ ನನಗೆ ನೆಲ ಬಿರಿದರೆ ಸಾಕೆನಿಸಿತ್ತು. ಡಾಕ್ಟರಮ್ಮ ನಗಲಿಲ್ಲ. ಘಟ್ಟ ದಾಟಿ ಕೊಂಕಣಕ್ಕೆ ಕುರಿ ಹೊಡೆದುಕೊಂಡು ಹೋಗುವ ಮುಂಚೆ ಏನು ಮಾಡುತ್ತೀರಿ ಎಂದು ನೇರ ಅಪ್ಪನನ್ನೇ ಕೇಳಿದರು. ಅಪ್ಪನ ಕಿವುಡು ಅಲ್ಲೇ ಮಾಯ.

"ಛಲೋ ಮೇಯಿಸ್ತೀವ್ರಿ. ದಿನಾ ದೂರ ಅಡ್ಡಾಡಿಸಿ ಕಾಲು ಗಟ್ಟಿ ಮಾಡ್ತೀವಿ. ಸೊರಗಿದ್ದು ಘಾಟ ದಾಟೂದಿಲ್ರಿ."

"ಹಾಗಾದರೆ ನೀವೂ ಮೇಯಿರಿ, ಅಡ್ಡಾಡಿರಿ, ತಂಬಾಕು ಬಿಡಿರಿ. ಹೆಚ್ಚು ದಿನ ಕಾಯುವಂತಿಲ್ಲ," ಎಂದರು ಡಾಕ್ಟರಮ್ಮ.

ಕುಪವಾಡದ ನನ್ನ ಮನೆಗೇ ಅಪ್ಪನನ್ನು ತಂದಿಟ್ಟುಕೊಂಡೆ. ಮೊಟ್ಟೆ, ಶೇಂಗಾ ಹಿಂಡಿ, ಬೇಳೆ, ಬಾಡಿನ ಸಾರು, ಎಲ್ಲಕ್ಕೂ ಬಾಯಿ ತೆರೆದ. ಬೆಳಗಾದರೆ ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಎಂಐಡಿಸಿಯ ಕಾರ್ಖಾನೆಗಳ ನಡುವೆ ಕುರಿಯೇ ಇಲ್ಲದ ಕುರುಬ ಬೀಸುಗಾಲು ಹಾಕುತ್ತಿದ್ದರೆ ಪಾಳಿಗೆ ಹೊರಟವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

ಆಪರೇಷನ್ ಆಯಿತು. ಮರುದಿನವೇ ನರ್ಸು ಎಬ್ಬಿಸಿ ನಿಲ್ಲಿಸಿದರೆ ಅಪ್ಪ ನಳಿಕೆಗಳ ಸಮೇತ ವಾರ್ಡಿನ ಗೋಡೆ ಮುಟ್ಟಿ ಬಂದ. ನಾನು ದಂಗಾಗಿ ನಿಂತೆ. ಕರುಳನ್ನು ಕತ್ತರಿಸಿ, ಉಳಿದೆರಡು ತುದಿಗಳನ್ನು ಕೂಡಿಸಿ ಹೊಲಿದ ಮೈ ಅದು! ಆಮೇಲೆ ಇಡೀ ವಾರ್ಡಿಗೆ ಒಂದೇ ಪ್ರಶ್ನೆ: "ಗಾಳಿ ಹೋತೇನ್ರಿ?" ಹೂಸು ಹೋದರೆ ಹೊಲಿದ ಕರುಳು ಕೆಲಸ ಹಿಡಿದಂತೆ. ಹೋಯಿತು. ಅವ್ವ ಅಲ್ಲೇ ಕೈಮುಗಿದಳು. ಅಂಥದ್ದಕ್ಕೂ ಕಣ್ಣಲ್ಲಿ ನೀರು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಉಳಿಯುತ್ತಾನೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಅದು ತೆಗೆದ ತುಂಡಿನ ಪರೀಕ್ಷೆಯಿಂದ ತಿಳಿಯಬೇಕಿತ್ತು. ಕರುಳಿನ ಸುತ್ತಲಿನ ಕೊಬ್ಬಿನಲ್ಲಿ ಜೋಳದ ಕಾಳಿನಷ್ಟು ಸಣ್ಣ ಗಂಟುಗಳಿರುತ್ತವಂತೆ. ಲ್ಯಾಬಿನವರು ಬೆರಳಿನಿಂದ ತಡಕಿ ಒಂದೊಂದನ್ನೇ ಹುಡುಕಿ ತೆಗೆದು, ರೋಗ ಅಲ್ಲಿಗೂ ಹೊಕ್ಕಿದೆಯೇ ಎಂದು ನೋಡುತ್ತಾರಂತೆ. ಮನುಷ್ಯನ ಮುಂದಿನ ವರ್ಷಗಳು ಅಷ್ಟು ಸಣ್ಣ ಕಾಳುಗಳಲ್ಲಿ ಕೂತಿರುತ್ತವೆ ಎಂದರೆ ಮೈ ಜುಮ್ಮೆನ್ನುತ್ತದೆ.

"ಎಲ್ಲಾ ನೋಡ್ಯಾರಲ್ರಿ? ಒಂದೂ ತಪ್ಪಿಸಿಕೊಂಡಿಲ್ಲಲ್ಲ?" ರಿಪೋರ್ಟು ಬಂದ ದಿನ ಅಪ್ಪ ಡಾಕ್ಟರಮ್ಮನನ್ನು, ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಕುರಿ ಕೂಡಿಹಾಕುವಾಗಿನ ದನಿಯಲ್ಲೇ ಕೇಳಿದ.

ಹೆಚ್ಚು ಗಂಟು ನೋಡಿದಷ್ಟೂ ಹೇಳುವ ಮಾತಿಗೆ ಬಲ, ಸಾಕಷ್ಟು ನೋಡಿದ್ದಾರೆ ಎಂದರು ಡಾಕ್ಟರಮ್ಮ. ಕೆಲವಕ್ಕೆ ರೋಗ ತಗುಲಿತ್ತು. ಕೀಮೋ ಬೇಕು. ಇಂಥವರಲ್ಲಿ ನೂರಕ್ಕೆ ಎಷ್ಟು ಮಂದಿ ಉಳಿಯುತ್ತಾರೆ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿದ.

"ಅಂಕಿ ಬಾಯಿಲೆ ಹೇಳಬ್ಯಾಡ್ರಿ."

ನಮ್ಮಲ್ಲಿ ಹಿಂಡಿನ ಲೆಕ್ಕ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ಅಪ್ಪ ಎದ್ದು ಹೊರಗೆ ಹೋದ. ಅಂಕಿಯನ್ನು ನಾನು ಕೇಳಿಸಿಕೊಂಡೆ. ಅದು ಗುಂಪಿನ ಮಾತು, ನಿಮ್ಮ ಅಪ್ಪನೊಬ್ಬರ ಬಗ್ಗೆ ಯಾರೂ ಹೇಳಲಾರರು ಎಂದೂ ಅವರು ಹೇಳಿದರು. ಕಾಳಿನೊಳಗೆ ಹೊಕ್ಕು ನೋಡಬಲ್ಲವರು ಒಬ್ಬ ಮನುಷ್ಯನ ಮುಂದೆ ಹೀಗೆ ಕೈಚೆಲ್ಲಿದ್ದು ಕಂಡು ನನಗೆ ಭಯವಾಯಿತು, ಯಾಕೋ ಧೈರ್ಯವೂ ಬಂತು.

ಹೊರಗೆ ಅಪ್ಪ ಕಂಬಳಿ ಸರಿಮಾಡಿಕೊಳ್ಳುತ್ತ ನಿಂತಿದ್ದ.

"ಅಂಕಿ ಬ್ಯಾಡ. ದಾಟೂ ಕುರಿ ಹೌದೋ ಅಲ್ಲೋ, ಅಷ್ಟ ಹೇಳು."

"ಮೇದೈತಿ, ನಡದೈತಿ," ಎಂದೆ. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿರಲಿಲ್ಲ.

ಅಪ್ಪ ನನ್ನ ಮುಖವನ್ನೇ ನೋಡಿದ.

"ಘಾಟ ಏರೂ ಮುಂದ ನಮಗೂ ಅಷ್ಟ ಗೊತ್ತಿರತೈತಿ. ನಡಿ," ಎಂದವನೇ ನಾನು ಕರೆದಿದ್ದ ರಿಕ್ಷಾ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೇ ಹೊರಟುಬಿಟ್ಟ.